ಕೊಲೆಸ್ಟರಾಲ್ ಮಾತ್ರೆ ಮತ್ತು ವಿಟಮಿನ್ ಸೀಸೆಗಳು: ಒಂದೇ ಹೊಟ್ಟೆಯಲ್ಲಿ ಎಷ್ಟು ಸಂಸಾರ?

ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲೋ ರಾಜ್ಯೋತ್ಸವ ಕಾರ್ಯಕ್ರಮದಲ್ಲೋ ಐವತ್ತು ದಾಟಿದವರು ಕುಳಿತಿರುವ ಮೇಜಿನ ಮಾತನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಒಂದು ಕಾಲಕ್ಕೆ ಗ್ರೀನ್ ಕಾರ್ಡು, ಮನೆ ಸಾಲದ ಬಡ್ಡಿ, ಮಕ್ಕಳ ಕಾಲೇಜು ಎಂದು ಸುತ್ತುತ್ತಿದ್ದ ಮಾತು ಈಗ ಎಲ್.ಡಿ.ಎಲ್. ಎಷ್ಟು, ಎಚ್.ಡಿ.ಎಲ್. ಎಷ್ಟು ಎಂಬಲ್ಲಿಗೆ ಬಂದು ನಿಂತಿದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಹೋಲಿಸಿದಷ್ಟೇ ಉತ್ಸಾಹದಿಂದ ರಕ್ತಪರೀಕ್ಷೆಯ ಅಂಕಿಗಳನ್ನು ಹೋಲಿಸುತ್ತೇವೆ. ಒಬ್ಬರು ಲಿಪಿಟಾರ್ ಅನ್ನುತ್ತಾರೆ, ಇನ್ನೊಬ್ಬರು ಕ್ರೆಸ್ಟಾರ್. ಅದರ ಬೆನ್ನಿಗೇ ಬರುವ ಪ್ರಶ್ನೆ: "ಅದರ ಜೊತೆಗೆ ಇನ್ನೇನೇನು ತಗೋತೀರಿ?"

ಈ ಲೇಖನ ಆ "ಜೊತೆಗೆ ಇನ್ನೇನು" ಎಂಬುದರ ಬಗ್ಗೆ. ಅಮೆರಿಕದ ಔಷಧದಂಗಡಿಯ ಕೌಂಟರಿನ ಹಿಂದೆ ನಿಂತು ಅನೇಕ ವರ್ಷ ಕೆಲಸ ಮಾಡಿದ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಡಾಕ್ಟರು ಬರೆದುಕೊಟ್ಟ ಚೀಟಿಯ ಬಗ್ಗೆ ಜನ ಹತ್ತು ಪ್ರಶ್ನೆ ಕೇಳುತ್ತಾರೆ. ಕಾಸ್ಟ್‌ಕೋದಿಂದ ತಾವೇ ಎತ್ತಿಕೊಂಡು ಬಂದ ದೊಡ್ಡ ಡಬ್ಬಿಯ ಬಗ್ಗೆ ಒಂದನ್ನೂ ಕೇಳುವುದಿಲ್ಲ. ವಿಟಮಿನ್ ಅಂದರೆ ಒಳ್ಳೆಯದು, ಒಳ್ಳೆಯದು ಹೆಚ್ಚಾದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ.

ಪಾಠಕ್ಕೆ ಅನುಕೂಲವಾಗಲೆಂದು ಒಬ್ಬ ರಾಯರನ್ನು ಕಲ್ಪಿಸಿಕೊಳ್ಳೋಣ. ಇವರು ಒಬ್ಬ ವ್ಯಕ್ತಿಯಲ್ಲ, ನಾನು ಕಂಡ ಹತ್ತಾರು ಹಿರಿಯರನ್ನು ಕಲಸಿ ಮಾಡಿದ ಮೂರ್ತಿ. ವಯಸ್ಸು ಅರವತ್ತಾರು. ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಕೊಲೆಸ್ಟರಾಲಿಗೆ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್. ಇವು ಚೀಟಿಯವು. ಇವರ ಡೈನಿಂಗ್ ಟೇಬಲ್ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ, ಚೀಟಿಯಿಲ್ಲದೆ ಬಂದ ಎಂಟು ಹತ್ತು ಸೀಸೆಗಳಿವೆ. ಈಚೆಗೆ ರಾಯರಿಗೆ ಮೀನಖಂಡದಲ್ಲಿ ನೋವು. "ನೋಡಪ್ಪಾ, ಈ ಸ್ಟ್ಯಾಟಿನ್ ಬಿಟ್ಟುಬಿಟ್ಟು ವಿಟಮಿನ್ನಲ್ಲೇ ಸಂಭಾಳಿಸಬಹುದಾ?" ಎನ್ನುವುದು ಅವರ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಯಾರಿಗೂ ಹೇಳದೆ ಸ್ಟ್ಯಾಟಿನ್ ನಿಲ್ಲಿಸಿದರೆ ಮುಂದಿನ ಹೃದಯಾಘಾತಕ್ಕೆ ತಾವೇ ಬಾಗಿಲು ತೆರೆದಿಟ್ಟಂತೆ.

ಮೊದಲು ಸ್ಟ್ಯಾಟಿನ್ ಏನು ಮಾಡುತ್ತದೆ ಎಂದು ನೋಡಬೇಕು. ನಮ್ಮ ಮೈಯ ಕೊಲೆಸ್ಟರಾಲಿನಲ್ಲಿ ಹೆಚ್ಚಿನ ಪಾಲು ತಿಂದ ಬೆಣ್ಣೆಯಿಂದ ನೇರವಾಗಿ ಬಂದದ್ದಲ್ಲ, ದೇಹವೇ ತಯಾರಿಸಿಕೊಂಡದ್ದು. ಯಕೃತ್ತು, ಅಂದರೆ ಲಿವರ್, ಅದರ ಮುಖ್ಯ ಕಾರ್ಖಾನೆ. ಆ ಕಾರ್ಖಾನೆಯಲ್ಲಿ ಅನೇಕ ಹಂತಗಳಿವೆ, ಅದರಲ್ಲಿ ಎಚ್.ಎಮ್.ಜಿ. ಕೋ-ಎ ರಿಡಕ್ಟೇಸ್ ಎಂಬ ಕಿಣ್ವದ ಹಂತವೇ ಇಕ್ಕಟ್ಟಾದ ಬಾಗಿಲು. ಜಪಾನಿನ ಅಕಿರಾ ಎಂಡೋ ಎಂಬ ವಿಜ್ಞಾನಿ 1970ರ ದಶಕದ ಆರಂಭದಲ್ಲಿ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ, ಕೊನೆಗೆ ಕ್ಯೋಟೋದ ಅಕ್ಕಿಯ ಮೇಲೆ ಬೆಳೆದಿದ್ದ ಪೆನಿಸಿಲಿಯಂ ಜಾತಿಯ ಬೂಷ್ಟಿನಿಂದ ಈ ಬಾಗಿಲಿಗೆ ಬೀಗ ಹಾಕುವ ವಸ್ತುವನ್ನು ಬೇರ್ಪಡಿಸಿದರು. ಅದೇ ಮೊದಲ ಸ್ಟ್ಯಾಟಿನ್. ಎಂಡೋ 2024ರಲ್ಲಿ ತೀರಿಕೊಂಡರು. ಮಾರುಕಟ್ಟೆಗೆ ಮೊದಲು ಬಂದದ್ದು ಲೋವಾಸ್ಟ್ಯಾಟಿನ್, 1987ರಲ್ಲಿ, ಇಲ್ಲೇ ಅಮೆರಿಕದಲ್ಲಿ.

ಬಾಗಿಲು ಮುಚ್ಚಿದಾಗ ಲಿವರ್ ಸುಮ್ಮನೆ ಕೂರುವುದಿಲ್ಲ. ತನಗೆ ಬೇಕಾದ ಕೊಲೆಸ್ಟರಾಲನ್ನು ರಕ್ತದಿಂದ ಎಳೆದುಕೊಳ್ಳಲು ತನ್ನ ಮೈಮೇಲೆ ಹೆಚ್ಚು ಹೆಚ್ಚು ಹಿಡಿಗೈಗಳನ್ನು ಬೆಳೆಸುತ್ತದೆ. ಈ ಹಿಡಿಗೈಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ರಕ್ತದಲ್ಲಿ ಎಲ್.ಡಿ.ಎಲ್. ಇಳಿಯುವುದು ಹೀಗೆ. ಎಲ್.ಡಿ.ಎಲ್. ಸುಮಾರು 39 ಮಿಲಿಗ್ರಾಂನಷ್ಟು ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತವೆ ಎಂದು ಲಕ್ಷಕ್ಕೂ ಮೀರಿದ ರೋಗಿಗಳ ಲೆಕ್ಕ ಒಟ್ಟು ಸೇರಿಸಿ ನೋಡಿದಾಗ ಗೊತ್ತಾಗಿದೆ. ನಮ್ಮವರಿಗೆ ಇದು ಇನ್ನೂ ಮುಖ್ಯ. ಅಮೆರಿಕದ ಹೃದ್ರೋಗ ತಜ್ಞರ 2018ರ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾ ಮೂಲದವರು ಎಂಬುದನ್ನೇ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಬೆಣ್ಣೆ ಮುಟ್ಟದ, ಮಾಂಸ ತಿನ್ನದ, ದಿನಾ ವಾಕಿಂಗ್ ಹೋಗುವ ನಲವತ್ತೈದರ ಗಂಡಸಿಗೂ ನಮ್ಮಲ್ಲಿ ಹೃದಯಾಘಾತ ಆದದ್ದನ್ನು ನಾವೆಲ್ಲ ಕಂಡಿದ್ದೇವೆ.

ಈಗ ರಾಯರ ಸೀಸೆಗಳಿಗೆ ಬರೋಣ. ಮೊದಲ ಸಾಲಿನಲ್ಲಿ ವಿಟಮಿನ್ ಇ, ವಿಟಮಿನ್ ಸಿ, ಬೀಟಾ ಕ್ಯಾರೊಟಿನ್. ಆಂಟಿ ಆಕ್ಸಿಡೆಂಟ್ ಎಂಬ ದೊಡ್ಡ ಹೆಸರು ಹೊತ್ತ ಬಳಗ. 1990ರ ದಶಕದಲ್ಲಿ ಇವಕ್ಕೆ ಎಲ್ಲಿಲ್ಲದ ಮರ್ಯಾದೆ ಇತ್ತು. ಕಾರಣ ಕೇಳಲು ಚೆನ್ನಾಗಿಯೇ ಇದೆ: ಎಲ್.ಡಿ.ಎಲ್. ರಕ್ತನಾಳದ ಗೋಡೆಯೊಳಗೆ ಸೇರಿ ಆಕ್ಸಿಡೀಕರಣಗೊಂಡಾಗ, ಅಂದರೆ ಕಬ್ಬಿಣ ತುಕ್ಕು ಹಿಡಿದಂತಾದಾಗ, ಅಲ್ಲಿ ಕೊಬ್ಬಿನ ಗಡ್ಡೆ ಬೆಳೆಯುತ್ತದೆ. ತುಕ್ಕು ತಡೆಯುವ ವಿಟಮಿನ್ ಕೊಟ್ಟರೆ ಗಡ್ಡೆ ಬೆಳೆಯಬಾರದಲ್ಲ? ತರ್ಕ ಸರಿಯಾಗಿದೆ. ಆದರೆ ದೇಹ ನಮ್ಮ ತರ್ಕಕ್ಕೆ ಕಟ್ಟುಬಿದ್ದಿಲ್ಲ.

ಸ್ಟ್ಯಾಟಿನ್ ಮತ್ತು ವಿಟಮಿನ್ ಎರಡನ್ನೂ ಒಟ್ಟಿಗೇ ಪರೀಕ್ಷೆಗೆ ಒಡ್ಡಿದ ಅಧ್ಯಯನ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ. 2002ರಲ್ಲಿ ಪ್ರಕಟವಾಯಿತು. 20,536 ಜನ, ಸುಮಾರು ಐದು ವರ್ಷ. ಕೆಲವರಿಗೆ ಸಿಂವಾಸ್ಟ್ಯಾಟಿನ್ 40 ಮಿಲಿಗ್ರಾಂ, ಕೆಲವರಿಗೆ ವಿಟಮಿನ್, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಎರಡೂ ಇಲ್ಲದ ಬರೀ ಸಪ್ಪೆ ಮಾತ್ರೆ. ವಿಟಮಿನ್ ಪ್ರಮಾಣವೂ ಕಡಿಮೆಯದಲ್ಲ: ದಿನಕ್ಕೆ ಇ 600 ಮಿಲಿಗ್ರಾಂ, ಸಿ 250 ಮಿಲಿಗ್ರಾಂ, ಬೀಟಾ ಕ್ಯಾರೊಟಿನ್ 20 ಮಿಲಿಗ್ರಾಂ. ರಕ್ತದಲ್ಲಿ ವಿಟಮಿನ್ ಮಟ್ಟ ಏರಿತೆಂಬುದನ್ನೂ ಅಳೆದು ನೋಡಿದರು. ಫಲಿತಾಂಶ? ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಸುಮಾರು ಕಾಲು ಭಾಗ ಇಳಿದವು. ವಿಟಮಿನ್ ತೆಗೆದುಕೊಂಡವರಿಗೆ ಲಾಭ ಸೊನ್ನೆ. ಸಾವಿನಲ್ಲಾಗಲಿ, ಹೃದಯದಲ್ಲಾಗಲಿ, ಕ್ಯಾನ್ಸರಿನಲ್ಲಾಗಲಿ ಯಾವ ವ್ಯತ್ಯಾಸವೂ ಇಲ್ಲ. ಸಮಾಧಾನದ ಸಂಗತಿಯೆಂದರೆ ನಷ್ಟವೂ ಕಾಣಲಿಲ್ಲ; ವಿಟಮಿನ್ನು ಸ್ಟ್ಯಾಟಿನ್ನಿನ ಲಾಭವನ್ನು ಕಸಿದುಕೊಳ್ಳಲೂ ಇಲ್ಲ.

ಹಾಗಿದ್ದರೆ ತಿಂದರೆ ತಪ್ಪೇನು ಎನ್ನಬಹುದು. ಅದಕ್ಕೆ ಒಂದು ವರ್ಷ ಮೊದಲೇ, 2001ರಲ್ಲಿ, ಸಿಯಾಟಲ್ ವೈದ್ಯರು ಪ್ರಕಟಿಸಿದ ಇನ್ನೊಂದು ಅಧ್ಯಯನವಿದೆ. ಚಿಕ್ಕದು, 160 ಜನ ಮಾತ್ರ. ಇವರೆಲ್ಲ ಹೃದ್ರೋಗಿಗಳು, ಒಳ್ಳೆಯ ಕೊಲೆಸ್ಟರಾಲ್ ಎನ್ನಿಸಿಕೊಂಡ ಎಚ್.ಡಿ.ಎಲ್. ಕಡಿಮೆ ಇದ್ದವರು, ಅಂದರೆ ನಮ್ಮವರನ್ನು ಬಹಳ ಹೋಲುವವರು. ಸ್ಟ್ಯಾಟಿನ್ ಮತ್ತು ನಯಾಸಿನ್ ಕೊಟ್ಟಾಗ ಎಚ್.ಡಿ.ಎಲ್. ಏರಿತು. ಅದರ ಜೊತೆಗೆ ಆಂಟಿ ಆಕ್ಸಿಡೆಂಟ್ ವಿಟಮಿನ್ ಸೇರಿಸಿದವರಲ್ಲಿ ಆ ಏರಿಕೆ ಮೊಂಡಾಯಿತು. ಚಿಕ್ಕ ಅಧ್ಯಯನದ ಮೇಲೆ ದೊಡ್ಡ ಗೋಪುರ ಕಟ್ಟಬಾರದು, ಒಪ್ಪಿದೆ. ಆದರೆ ಒಂದು ಕಡೆ ಲಾಭ ಸೊನ್ನೆ, ಇನ್ನೊಂದು ಕಡೆ ಸ್ವಲ್ಪ ಅನುಮಾನ ಇರುವಾಗ ಪ್ರತಿ ತಿಂಗಳು ದುಡ್ಡು ಕೊಟ್ಟು ಆ ಅನುಮಾನವನ್ನು ಕೊಂಡುಕೊಳ್ಳುವುದೇಕೆ? ಸಿಗರೇಟು ಸೇದುವವರಂತೂ ಬೀಟಾ ಕ್ಯಾರೊಟಿನ್ ಮಾತ್ರೆಯ ಹತ್ತಿರವೂ ಸುಳಿಯಬಾರದು. ಫಿನ್ಲೆಂಡಿನಲ್ಲಿ 29 ಸಾವಿರ ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದನ್ನು ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಬಂದದ್ದು 1994ರಲ್ಲೇ ಗೊತ್ತಾಗಿದೆ. ಕ್ಯಾರೆಟ್ಟು ತಿನ್ನಲು ಅಡ್ಡಿಯಿಲ್ಲ. ಕೋಸಂಬರಿಗೆ ತುರಿದು ಹಾಕಿ.

ರಾಯರಿಗೆ ವಿಟಮಿನ್ ಇ ವಿಷಯದಲ್ಲಿ ಇನ್ನೊಂದು ಮಾತು. ದೊಡ್ಡ ಪ್ರಮಾಣದ ವಿಟಮಿನ್ ಇ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸುತ್ತದೆ. ಅವರು ಆಸ್ಪಿರಿನ್ ಮೇಲಿದ್ದಾರೆ. ಕ್ಲೊಪಿಡೊಗ್ರೆಲ್ ಅಥವಾ ವಾರ್ಫರಿನ್ ಮೇಲಿರುವವರೂ ನಮ್ಮಲ್ಲಿ ಇದ್ದಾರೆ. ಹಲ್ಲು ಕೀಳಿಸುವ ದಿನ ರಕ್ತ ನಿಲ್ಲದೆ ಗಾಬರಿಯಾದಾಗ ಈ ಸೀಸೆ ಯಾರಿಗೂ ನೆನಪಾಗುವುದಿಲ್ಲ.

ಮುಂದಿನ ಸೀಸೆ ನಯಾಸಿನ್. ಇದರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ವಿಟಮಿನ್ ಎಂಬ ಹೆಸರಿನಲ್ಲಿ ಓಡಾಡುವ ಔಷಧಿ ಇದು. ವಿಟಮಿನ್ ಬಿ-3 ಆಗಿ ನಮಗೆ ಬೇಕಾದದ್ದು ದಿನಕ್ಕೆ 14ರಿಂದ 16 ಮಿಲಿಗ್ರಾಂ. ಅದು ಅನ್ನ ಸಾರು ಪಲ್ಯದಲ್ಲೇ ಸಿಗುತ್ತದೆ. ಅದನ್ನೇ ಸಾವಿರ, ಎರಡು ಸಾವಿರ ಮಿಲಿಗ್ರಾಂ ಕೊಟ್ಟರೆ ಕೊಲೆಸ್ಟರಾಲ್ ಇಳಿಯುತ್ತದೆ ಎಂದು 1955ರಲ್ಲಿ ಕೆನಡಾದ ವೈದ್ಯರು ಕಂಡರು. ಸ್ಟ್ಯಾಟಿನ್ ಹುಟ್ಟುವುದಕ್ಕಿಂತ ಬಹಳ ಮೊದಲಿನ ಮಾತು. ಎಚ್.ಡಿ.ಎಲ್. ಏರಿಸುವುದರಲ್ಲಿ ಇದಕ್ಕೆ ಸಮನಾದ ಮದ್ದು ಇರಲಿಲ್ಲ. ಹಾಗಾಗಿ ಎಚ್.ಡಿ.ಎಲ್. ಕಡಿಮೆಯಿರುವ ಭಾರತೀಯರಿಗೆ ಇದು ಹೇಳಿ ಮಾಡಿಸಿದ್ದು ಎಂದು ಹೃದ್ರೋಗ ತಜ್ಞರು ಸ್ಟ್ಯಾಟಿನ್ ಜೊತೆಗೆ ಧಾರಾಳವಾಗಿ ಬರೆದುಕೊಡುತ್ತಿದ್ದರು. ನುಂಗಿದ ಅರ್ಧ ಗಂಟೆಗೆ ಮುಖವೆಲ್ಲ ಕೆಂಪಾಗಿ, ಮೆಣಸಿನಕಾಯಿ ಪುಡಿ ಎರಚಿದ ಹಾಗೆ ಮೈ ಉರಿ. ನಮ್ಮ ಅನೇಕ ಹಿರಿಯರು ಇದನ್ನು ಸಹಿಸಿಕೊಂಡು ವರ್ಷಗಟ್ಟಲೆ ತಿಂದಿದ್ದಾರೆ.

ಆಮೇಲೆ ಬಂದದ್ದು ಎರಡು ದೊಡ್ಡ ಪರೀಕ್ಷೆಗಳು. 2011ರ ಏಮ್-ಹೈ ಅಧ್ಯಯನದಲ್ಲಿ 3,414 ಜನ. ಸ್ಟ್ಯಾಟಿನ್ ಜೊತೆ ನಯಾಸಿನ್ ಸೇರಿಸಿದ್ದರಿಂದ ಏನೂ ಪ್ರಯೋಜನ ಕಾಣದೆ ಅವಧಿಗೆ ಮೊದಲೇ ನಿಲ್ಲಿಸಿದರು. 2014ರಲ್ಲಿ ಪ್ರಕಟವಾದ ಎಚ್.ಪಿ.ಎಸ್.-2 ಥ್ರೈವ್ ಅಧ್ಯಯನದಲ್ಲಿ 25,673 ಜನ. ಉರಿ ತಡೆಯುವ ಇನ್ನೊಂದು ಮದ್ದಿನೊಂದಿಗೆ ನಯಾಸಿನ್ ಕೊಟ್ಟರು. ಎಚ್.ಡಿ.ಎಲ್. ಏರಿತು, ಹೃದಯಾಘಾತ ಇಳಿಯಲಿಲ್ಲ. ಬದಲಿಗೆ ಸಕ್ಕರೆ ಕಾಯಿಲೆ, ಸೋಂಕು, ರಕ್ತಸ್ರಾವ, ಸ್ನಾಯು ತೊಂದರೆಗಳು ಹೆಚ್ಚಾದವು. 2016ರಲ್ಲಿ ಅಮೆರಿಕದ ಎಫ್.ಡಿ.ಎ., ನಿಧಾನವಾಗಿ ಬಿಡುಗಡೆಯಾಗುವ ನಯಾಸಿನ್ ಅನ್ನು ಸ್ಟ್ಯಾಟಿನ್ ಜೊತೆ ಬಳಸಲು ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು. ಅಂಕಿ ಏರಿದ ಮಾತ್ರಕ್ಕೆ ಆಯುಸ್ಸು ಏರುವುದಿಲ್ಲ ಎಂದು ಇಡೀ ವೈದ್ಯಲೋಕಕ್ಕೇ ಪಾಠವಾಯಿತು.

ಚೀಟಿಯಿಂದ ಹೋದ ನಯಾಸಿನ್ ಅಂಗಡಿಯ ಕಪಾಟಿನಿಂದ ಹೋಗಿಲ್ಲ. 500 ಮಿಲಿಗ್ರಾಂನ ಡಬ್ಬಿ ಯಾರು ಬೇಕಾದರೂ ಕೊಳ್ಳಬಹುದು. ಹತ್ತು ವರ್ಷದ ಹಿಂದೆ ಡಾಕ್ಟರು ಹೇಳಿದ್ದರೆಂದು ಈಗಲೂ ತಿನ್ನುತ್ತಿರುವವರು ಇದ್ದಾರೆ. ರಾಯರಂಥ ಸಕ್ಕರೆ ಕಾಯಿಲೆಯವರಿಗೆ ಇದು ಸಕ್ಕರೆಯನ್ನೂ ಏರಿಸುತ್ತದೆ, ಸ್ಟ್ಯಾಟಿನ್ ಜೊತೆ ಸೇರಿ ಲಿವರ್ ಮತ್ತು ಸ್ನಾಯುಗಳ ಮೇಲೂ ಭಾರ ಹೇರುತ್ತದೆ. "ಉರಿ ಇಲ್ಲ" ಎಂದು ಬರೆದ ನಯಾಸಿನ್ ಡಬ್ಬಿಯಲ್ಲಿ ಉರಿಯೂ ಇಲ್ಲ, ಕೊಲೆಸ್ಟರಾಲ್ ಇಳಿಸುವ ಗುಣವೂ ಹೆಚ್ಚುಕಡಿಮೆ ಇಲ್ಲ. ದಿನದ ಮಲ್ಟಿ ವಿಟಮಿನ್ ಮಾತ್ರೆಯಲ್ಲಿರುವ 16, 20 ಮಿಲಿಗ್ರಾಂಗೆ ಮಾತ್ರ ಹೆದರಬೇಕಿಲ್ಲ. ಅದು ಬೇರೆ ಲೆಕ್ಕ.

ಇನ್ನು ಕಾಲು ನೋವು. ಸ್ಟ್ಯಾಟಿನ್ ಕಿಣ್ವದ ಬಾಗಿಲು ಮುಚ್ಚಿದಾಗ ಅದೇ ದಾರಿಯಲ್ಲಿ ಮುಂದೆ ತಯಾರಾಗುವ ಕೋ-ಎಂಜೈಮ್ ಕ್ಯೂ-10 ಎಂಬ ವಸ್ತುವೂ ರಕ್ತದಲ್ಲಿ ಕಡಿಮೆಯಾಗುತ್ತದೆ. ಜೀವಕೋಶದಲ್ಲಿ ಶಕ್ತಿ ಉತ್ಪಾದನೆಗೆ ಅದು ಬೇಕು. ಅದು ಕಡಿಮೆಯಾದ್ದರಿಂದಲೇ ಸ್ನಾಯು ನೋವು, ಆದ್ದರಿಂದ ಅದನ್ನು ಮಾತ್ರೆಯಾಗಿ ತಿಂದರೆ ನೋವು ಮಾಯ ಎಂಬ ವಾದ ಹುಟ್ಟಿತು. ಮತ್ತೆ ಸುಂದರ ತರ್ಕ. ಪರೀಕ್ಷೆಗಳಲ್ಲಿ ಕೆಲವು ಹೌದೆಂದವು, ಕೆಲವು ಇಲ್ಲವೆಂದವು. ಎಲ್ಲರಿಗೂ ಕೊಡಿ ಎಂದು ಯಾವ ಮುಖ್ಯ ಮಾರ್ಗಸೂಚಿಯೂ ಹೇಳುವುದಿಲ್ಲ. ದೊಡ್ಡ ಅಪಾಯವಿಲ್ಲ, ಬೆಲೆ ಮಾತ್ರ ಜಾಸ್ತಿ. ಆದರೆ ರಚನೆಯಲ್ಲಿ ಅದು ವಿಟಮಿನ್ ಕೆ ಯನ್ನು ಹೋಲುವುದರಿಂದ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಆ ಮದ್ದಿನ ಕೆಲಸವನ್ನು ಕುಗ್ಗಿಸಬಹುದು. ಕ್ಯೂ-10 ತಿಂದು ಸ್ಟ್ಯಾಟಿನ್ ಮುಂದುವರಿಸಲು ಯಾರಿಗಾದರೂ ಮನಸ್ಸು ಬರುವುದಾದರೆ ನಾನು ಬೇಡ ಎನ್ನುವುದಿಲ್ಲ.

ವಿಟಮಿನ್ ಡಿ ಕಥೆಯೂ ಹೀಗೆಯೇ. ಡಿ ಕೊಟ್ಟರೆ ಸ್ಟ್ಯಾಟಿನ್ ನೋವು ಬರುವುದಿಲ್ಲ ಎಂಬ ನಂಬಿಕೆಯನ್ನು ಪರೀಕ್ಷಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹೊಸದಾಗಿ ಸ್ಟ್ಯಾಟಿನ್ ಆರಂಭಿಸಿದ 2,083 ಜನ. ಡಿ ತೆಗೆದುಕೊಂಡವರಲ್ಲೂ ನೂರಕ್ಕೆ 31 ಜನ ಸ್ನಾಯು ನೋವು ಹೇಳಿದರು, ಸಪ್ಪೆ ಮಾತ್ರೆಯವರಲ್ಲೂ ನೂರಕ್ಕೆ 31. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಡಿ ತೀರಾ ಕೊರತೆಯಾದರೆ ಸ್ಟ್ಯಾಟಿನ್ ಇಲ್ಲದೆಯೂ ಕಾಲು ನೋವು ಬರುತ್ತದೆ. ಕಂದು ಚರ್ಮದ ನಾವು ಮಿನ್ನೆಸೋಟಾದಲ್ಲೋ ಬಫಲೋದಲ್ಲೋ ಆರು ತಿಂಗಳು ಕೋಟಿನೊಳಗೆ ಕಳೆದರೆ ಕೊರತೆ ಸಾಮಾನ್ಯ. ಥೈರಾಯ್ಡ್ ಕಡಿಮೆಯಾದರಂತೂ ಸ್ನಾಯು ನೋವೂ ಬರುತ್ತದೆ, ಕೊಲೆಸ್ಟರಾಲೂ ಏರುತ್ತದೆ. ಆರೋಪ ಮಾತ್ರ ಸ್ಟ್ಯಾಟಿನ್ ಮೇಲೆ. ಆದ್ದರಿಂದ ನೋವು ಬಂದಾಗ ಮಾಡಬೇಕಾದದ್ದು ಅಂಗಡಿಗೆ ಓಡುವುದಲ್ಲ. ಡಿ, ಥೈರಾಯ್ಡ್ ಮತ್ತು ಸ್ನಾಯುವಿನ ಸಿ.ಕೆ. ಎಂಬ ಕಿಣ್ವವನ್ನು ಅಳೆಯಿಸುವುದು.

2020ರಲ್ಲಿ ಲಂಡನ್ನಿನಿಂದ ಬಂದ ಒಂದು ಸಣ್ಣ ಅಧ್ಯಯನವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರನ್ನು ಸೇರಿಸಿ, ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಸಪ್ಪೆ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ ಎಂದು ಒಂದು ವರ್ಷ ನಡೆಸಿದರು. ಸ್ಟ್ಯಾಟಿನ್ ತಿಂಗಳಲ್ಲಿ ಕಂಡ ತೊಂದರೆಯ ಶೇಕಡ 90ರಷ್ಟು ಸಪ್ಪೆ ಮಾತ್ರೆಯ ತಿಂಗಳಲ್ಲೂ ಕಂಡಿತು! ನೋವು ಸುಳ್ಳು ಎಂದು ಇದರ ಅರ್ಥವಲ್ಲ. ನೋವು ನಿಜ, ಅದರ ಕಾರಣ ಹಲವು ಬಾರಿ ಮಾತ್ರೆಯೊಳಗಿನ ಮದ್ದಲ್ಲ, ಮಾತ್ರೆಯ ಬಗ್ಗೆ ನಾವು ಕೇಳಿದ ಮಾತು. ಫಲಿತಾಂಶ ತಿಳಿಸಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಸ್ಟ್ಯಾಟಿನ್ ಮತ್ತೆ ಶುರು ಮಾಡಿದರು. ಉಳಿದ ಸ್ವಲ್ಪ ಜನರಿಗೆ ನಿಜವಾದ ತೊಂದರೆ ಇರುತ್ತದೆ. ಅವರಿಗೆ ಪ್ರಮಾಣ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು, ಎಜೆಟಿಮೈಬ್ ಮುಂತಾದ ಬೇರೆ ಮದ್ದುಗಳೂ ಇವೆ. ರೋಸುವಾಸ್ಟ್ಯಾಟಿನ್ ಏಷ್ಯಾದವರ ರಕ್ತದಲ್ಲಿ ಹೆಚ್ಚು ಮಟ್ಟಕ್ಕೆ ಏರುವುದರಿಂದ 5 ಮಿಲಿಗ್ರಾಂನಿಂದ ಆರಂಭಿಸಿ ಎಂದು ಅದರ ಕಾಗದದಲ್ಲೇ ಬರೆದಿದೆ. ನಿಮ್ಮ ಡಾಕ್ಟರಿಗೆ ನೆನಪಿಸಲು ಸಂಕೋಚಪಡಬೇಡಿ. ಆದರೆ ಮೈಯೆಲ್ಲ ವಿಪರೀತ ನೋವು, ನಿಶ್ಶಕ್ತಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯುವ ವಿಷಯವಲ್ಲ. ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು.

ಮೇಜಿನ ಇನ್ನೊಂದು ತುದಿಯಲ್ಲಿ "ನೈಸರ್ಗಿಕ" ಬಳಗವಿದೆ. ರೆಡ್ ಈಸ್ಟ್ ರೈಸ್ ಅದರಲ್ಲಿ ಮೊದಲನೆಯದು. ಅಕ್ಕಿಯ ಮೇಲೆ ಮೊನಾಸ್ಕಸ್ ಎಂಬ ಕೆಂಪು ಬೂಷ್ಟು ಬೆಳೆಸಿ ಮಾಡುವ ಚೀನೀ ಪದಾರ್ಥ. ಕೊಲೆಸ್ಟರಾಲ್ ಇಳಿಸುವುದು ನಿಜ. ಏಕೆ ಗೊತ್ತೇ? ಅದರಲ್ಲಿರುವ ಮೊನಾಕೊಲಿನ್-ಕೆ ಎಂಬುದು ಲೋವಾಸ್ಟ್ಯಾಟಿನ್ನೇ; ಎರಡೂ ಒಂದೇ ಅಣು. ಸ್ಟ್ಯಾಟಿನ್ ಬೇಡವೆಂದು ಇದನ್ನು ತಿನ್ನುವವರು ಅಳತೆಯಿಲ್ಲದ ಸ್ಟ್ಯಾಟಿನ್ ತಿನ್ನುತ್ತಿದ್ದಾರೆ. ಸ್ಟ್ಯಾಟಿನ್ ಜೊತೆಗೆ ತಿನ್ನುವವರು ಎರಡು ಸ್ಟ್ಯಾಟಿನ್ ತಿನ್ನುತ್ತಿದ್ದಾರೆ. ಇಲ್ಲಿ ಮಾರುವ 28 ಬ್ರಾಂಡ್‌ಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ ಒಂದಕ್ಕೂ ಇನ್ನೊಂದಕ್ಕೂ ಅರವತ್ತು ಪಟ್ಟು ವ್ಯತ್ಯಾಸವಿತ್ತು. ಕೆಲವದರಲ್ಲಿ ಆ ಅಣುವೇ ಸಿಗಲಿಲ್ಲ. ಕೆಲವು ತಯಾರಿಕೆಗಳಲ್ಲಿ ಮೂತ್ರಪಿಂಡಕ್ಕೆ ವಿಷವಾದ ಸಿಟ್ರಿನಿನ್ ಕೂಡ ಸಿಕ್ಕಿದೆ. 1994ರ ಕಾನೂನಿನ ಪ್ರಕಾರ ಅಮೆರಿಕದಲ್ಲಿ ಇಂಥ ಪೂರಕಗಳನ್ನು ಮಾರುವ ಮೊದಲು ಅವು ಕೆಲಸ ಮಾಡುತ್ತವೆಂದು ಸಾಬೀತು ಮಾಡಬೇಕಿಲ್ಲ. ಸೀಸೆಯ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿ; ಎಫ್.ಡಿ.ಎ. ಇದನ್ನು ಪರಿಶೀಲಿಸಿಲ್ಲ ಎಂದು ಅವರೇ ಬರೆದಿರುತ್ತಾರೆ.

ಬೆಳ್ಳುಳ್ಳಿ, ಅರಿಶಿನ, ದಾಲ್ಚಿನ್ನಿ, ಮೀನೆಣ್ಣೆ, ರೆಡ್ ಈಸ್ಟ್ ರೈಸ್, ಸಸ್ಯಜನ್ಯ ಸ್ಟಿರಾಲ್ ಈ ಆರನ್ನೂ 5 ಮಿಲಿಗ್ರಾಂ ರೋಸುವಾಸ್ಟ್ಯಾಟಿನ್ ಎದುರು ನಿಲ್ಲಿಸಿದ ಪರೀಕ್ಷೆಯೊಂದು 2022ರಲ್ಲಿ ಕ್ಲೀವ್‌ಲೆಂಡಿನಿಂದ ಬಂತು. ಸುಮಾರು 190 ಜನ, 28 ದಿನ. ರೋಸುವಾಸ್ಟ್ಯಾಟಿನ್ ಎಲ್.ಡಿ.ಎಲ್. ಅನ್ನು ಶೇಕಡ 38ರಷ್ಟು ಇಳಿಸಿತು. ಆರು ಪೂರಕಗಳಲ್ಲಿ ಒಂದೂ ಸಪ್ಪೆ ಮಾತ್ರೆಗಿಂತ ಮೇಲಾಗಲಿಲ್ಲ. ಬೆಳ್ಳುಳ್ಳಿ ಮಾತ್ರೆಯವರಿಗೆ ಎಲ್.ಡಿ.ಎಲ್. ಸ್ವಲ್ಪ ಏರಿಯೇ ಇತ್ತು. ಹಣ ಕೊಟ್ಟದ್ದು ಕ್ರೆಸ್ಟಾರ್ ಕಂಪನಿ, ಅವಧಿಯೂ ಚಿಕ್ಕದು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಗುಗ್ಗುಳುವಿನ ಗತಿಯೂ ಅಷ್ಟೇ. ಸುಶ್ರುತನ ಕಾಲದ ಮದ್ದು. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ 1966ರಲ್ಲೇ ಇದರ ಮೇಲೆ ಪ್ರಬಂಧ ಸಿದ್ಧವಾಯಿತು. ಆದರೆ ಫಿಲಡೆಲ್ಫಿಯಾದಲ್ಲಿ 103 ಜನರ ಮೇಲೆ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದಾಗ ಎಲ್.ಡಿ.ಎಲ್. ಇಳಿಯುವ ಬದಲು ನಾಲ್ಕೈದು ಶೇಕಡ ಏರಿತ್ತು. ಒಗ್ಗರಣೆಯ ಬೆಳ್ಳುಳ್ಳಿ, ಸಾರಿನ ಅರಿಶಿನ ಎಂದಿನಂತೆ ಇರಲಿ. ಅವು ಅಡುಗೆ. ಕ್ಯಾಪ್ಸೂಲಿನಲ್ಲಿ ಒತ್ತಿ ತುಂಬಿದ ಅರಿಶಿನದ ಸಾರ ಅಡುಗೆಯಲ್ಲ. ಅದರಿಂದ ಲಿವರ್ ಕೆಟ್ಟ ಪ್ರಕರಣಗಳು ಇಲ್ಲಿ ದಾಖಲಾಗಿವೆ.

ಈ ಸಾಲಿನಲ್ಲಿ ನಾನು ಮನಸಾರೆ ಹೊಗಳುವುದು ಒಂದನ್ನೇ, ಇಸಬ್‌ಗೋಲ್. ಇಲ್ಲಿ ಮೆಟಮ್ಯೂಸಿಲ್ ಎಂಬ ಹೆಸರಿನಲ್ಲಿ ಸಿಗುವುದೂ ಅದೇ ಹೊಟ್ಟು. ಸಿಂವಾಸ್ಟ್ಯಾಟಿನ್ 10 ಮಿಲಿಗ್ರಾಂ ಜೊತೆ ದಿನಕ್ಕೆ 15 ಗ್ರಾಂ ಇಸಬ್‌ಗೋಲ್ ಕೊಟ್ಟರೆ 20 ಮಿಲಿಗ್ರಾಂನಷ್ಟೇ ಕೆಲಸ ಮಾಡುತ್ತದೆಂದು 2005ರ ಅಧ್ಯಯನವೊಂದು ತೋರಿಸಿದೆ. ನೀರು ಧಾರಾಳವಾಗಿ ಕುಡಿಯಬೇಕು. ಮಾತ್ರೆಗಳನ್ನು ಅದರ ಜೊತೆಗೇ ನುಂಗದೆ ಎರಡು ಗಂಟೆ ಅಂತರ ಕೊಡಬೇಕು, ಇಲ್ಲವಾದರೆ ಲೋಳೆಯೊಳಗೆ ಮದ್ದೂ ಸಿಕ್ಕಿಹಾಕಿಕೊಳ್ಳುತ್ತದೆ. ಹುಳಿತೇಗಿಗೆ ಕುಡಿಯುವ ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ರೋಸುವಾಸ್ಟ್ಯಾಟಿನ್ನನ್ನು ಅರ್ಧದಷ್ಟು ಕಡಿಮೆ ಮಾಡುತ್ತದೆ. ಅದನ್ನೂ ಮಾತ್ರೆಯಾದ ಎರಡು ಗಂಟೆ ಮೇಲೆ ಕುಡಿಯಿರಿ. ಕೊಲೆಸ್ಟಿರಮೀನ್ ಪುಡಿ ತೆಗೆದುಕೊಳ್ಳುವವರಿಗೆ ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತುವುದಿಲ್ಲ, ಆದ್ದರಿಂದ ಮಿಕ್ಕ ಮಾತ್ರೆಗಳನ್ನು ಅದಕ್ಕೆ ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ನಂತರ ನುಂಗಬೇಕು. ಮನಸ್ಸಿನ ಬೇಸರಕ್ಕೆಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಸಿಂವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್‌ಗಳನ್ನು ಮೈಯಿಂದ ಬೇಗ ಹೊರಗಟ್ಟುತ್ತದೆ.

ಅದಕ್ಕೆ ತದ್ವಿರುದ್ಧ ಗ್ರೇಪ್‌ಫ್ರೂಟ್. ಕರುಳಿನಲ್ಲಿ ಸಿಂವಾಸ್ಟ್ಯಾಟಿನ್, ಲೋವಾಸ್ಟ್ಯಾಟಿನ್, ಒಂದು ಮಟ್ಟಿಗೆ ಅಟೋರ್ವಾಸ್ಟ್ಯಾಟಿನ್ ಅನ್ನೂ ಒಡೆಯುವ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ, ಮದ್ದು ರಕ್ತದಲ್ಲಿ ಏರುತ್ತದೆ. ಗ್ರೇಪ್‌ಫ್ರೂಟ್ ಹುಟ್ಟಿದ್ದು ಕಿತ್ತಳೆ ಮತ್ತು ಚಕ್ಕೋತದ ಬೆರಕೆಯಿಂದ. ನಮ್ಮ ದೇವನಹಳ್ಳಿಯ ಚಕ್ಕೋತ ಅದರ ಸೋದರ ಸಂಬಂಧಿ, ಅದೇ ಗುಣದ ರಾಸಾಯನಿಕಗಳು ಅದರಲ್ಲೂ ಇವೆ. ಊರಿಗೆ ಹೋದಾಗ ಒಂದೆರಡು ತೊಳೆ ಬಾಯಿಗೆ ಹಾಕಿದರೆ ಪ್ರಳಯವಾಗದು, ಇಡೀ ಹಣ್ಣು ದಿನಾ ಬೇಡ. ರೋಸುವಾಸ್ಟ್ಯಾಟಿನ್, ಪ್ರವಾಸ್ಟ್ಯಾಟಿನ್‌ನವರಿಗೆ ಈ ತೊಡಕಿಲ್ಲ. ಚಿತ್ರಾನ್ನಕ್ಕೆ ಹಿಂಡುವ ನಿಂಬೆಹಣ್ಣಿಗೆ ಯಾರೂ ಹೆದರಬೇಕಾಗಿಲ್ಲ.

ಇಷ್ಟೆಲ್ಲ ಸೀಸೆಗಳನ್ನು ಪಕ್ಕಕ್ಕೆ ಸರಿಸಿದ ಮೇಲೆ ರಾಯರಿಗೆ ನಿಜವಾಗಿ ಬೇಕಾದ ವಿಟಮಿನ್ ಯಾವುದೆಂದು ನೋಡಿದರೆ ಅವರ ಮೇಜಿನ ಮೇಲೆ ಅದೇ ಇಲ್ಲ! ಬಿ-12. ಗಿಡಗಳಲ್ಲಿ ಇದು ಇಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರಿನಿಂದ ಸಿಗುವಷ್ಟೇ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಇದು ಇನ್ನೂ ಇಳಿಯುತ್ತದೆ, ಹುಳಿತೇಗಿಗೆ ಒಮಿಪ್ರಜೋಲ್ ತಿಂದರೆ ಮತ್ತಷ್ಟು. ಕೊರತೆಯಾದರೆ ಅಂಗಾಲು ಉರಿ, ಜೋಮು, ಮರೆವು, ನಡೆಯುವಾಗ ತೂಕ ತಪ್ಪುವುದು. ಇವನ್ನೂ ಪಾಪ ಸ್ಟ್ಯಾಟಿನ್ ತಲೆಗೇ ಕಟ್ಟುತ್ತಾರೆ. ಬಿ-12ಕ್ಕೂ ಸ್ಟ್ಯಾಟಿನ್‌ಗೂ ಯಾವ ಜಗಳವೂ ಇಲ್ಲ, ಒಟ್ಟಿಗೇ ನುಂಗಬಹುದು. ರಕ್ತದಲ್ಲಿ ಅಳೆಯಿಸಿ, ಕಡಿಮೆಯಿದ್ದರೆ ಅವಶ್ಯ ತೆಗೆದುಕೊಳ್ಳಿ.

ರಕ್ತಪರೀಕ್ಷೆಗೆ ಸಂಬಂಧಿಸಿದ ಇನ್ನೊಂದು ವಿಟಮಿನ್ ಬಯೋಟಿನ್. ಕೂದಲು ಉದುರುವುದಕ್ಕೆಂದು ನಮ್ಮ ಹೆಂಗಸರೂ ಗಂಡಸರೂ ತಿನ್ನುವ ಮಾತ್ರೆ. ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ, ಮಾತ್ರೆಯಲ್ಲಿರುವುದು ಐದು, ಹತ್ತು ಸಾವಿರ. ಇದು ಸ್ಟ್ಯಾಟಿನ್‌ಗೆ ಏನೂ ಮಾಡುವುದಿಲ್ಲ; ಕೆಲವು ಲ್ಯಾಬ್ ಯಂತ್ರಗಳನ್ನು ಮೋಸಗೊಳಿಸುತ್ತದೆ. ಹೃದಯಾಘಾತವಾಗಿದೆಯೇ ಎಂದು ನೋಡುವ ಟ್ರೋಪೊನಿನ್ ಪರೀಕ್ಷೆ, ಆಘಾತವಾಗಿದ್ದರೂ ಆಗಿಲ್ಲ ಎಂದು ತೋರಿಸಬಹುದು. ಇದರಿಂದ ಒಬ್ಬ ರೋಗಿ ಸತ್ತರೆಂಬ ವರದಿಯನ್ನು ಉಲ್ಲೇಖಿಸಿ ಎಫ್.ಡಿ.ಎ. 2017ರಲ್ಲಿ ಎಚ್ಚರಿಕೆ ಕೊಟ್ಟಿದೆ. ಥೈರಾಯ್ಡ್ ಪರೀಕ್ಷೆಯೂ ಹೀಗೆ ತಪ್ಪು ತೋರಿಸಬಹುದು. ಎದೆ ನೋವೆಂದು ಎಮರ್ಜೆನ್ಸಿಗೆ ಹೋದಾಗ ಮೊದಲು ಹೇಳಬೇಕಾದ ಮಾತುಗಳಲ್ಲಿ ಇದೂ ಒಂದು.

ಕೊನೆಯದಾಗಿ, ಬೇಸಿಗೆಗೆ ಊರಿನಿಂದ ಬರುವ ಅಪ್ಪ ಅಮ್ಮಂದಿರ ಸೂಟ್‌ಕೇಸ್. ಆರು ತಿಂಗಳ ಮಾತ್ರೆ, ಹಪ್ಪಳ ಸಂಡಿಗೆಯ ಮಧ್ಯೆ. ಅದರಲ್ಲಿ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ ಇದ್ದೇ ಇರುತ್ತದೆ. ಅದು ವಾರಕ್ಕೆ ಒಂದು, ಅದೂ ಕೆಲವು ವಾರ ಮಾತ್ರ. ದಿನಾ ಒಂದರಂತೆ ಕುಡಿದು ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡಿಸಿಕೊಳ್ಳುವವರು ಇದ್ದಾರೆ. ಭಾರತದಲ್ಲಿ ಸ್ಟ್ಯಾಟಿನ್ ಜೊತೆ ಆಸ್ಪಿರಿನ್, ಸ್ಟ್ಯಾಟಿನ್ ಜೊತೆ ಫೆನೊಫೈಬ್ರೇಟ್, ಸ್ಟ್ಯಾಟಿನ್ ಜೊತೆ ವಿಟಮಿನ್ ಡಿ ಸೇರಿಸಿ ಒಂದೇ ಮಾತ್ರೆ ಮಾಡಿರುತ್ತಾರೆ. ಹಾಳೆಯ ಮೇಲೆ ಇಲ್ಲಿನ ಡಾಕ್ಟರು ಕೇಳರಿಯದ ಬ್ರಾಂಡ್ ಹೆಸರು. ಇಲ್ಲಿ ಅಪ್ಪನಿಗೆ ಹುಷಾರಿಲ್ಲವೆಂದು ತೋರಿಸಿದಾಗ ಅಟೋರ್ವಾಸ್ಟ್ಯಾಟಿನ್ ಬರೆದುಕೊಡುತ್ತಾರೆ, ಸೂಟ್‌ಕೇಸಿನಲ್ಲೂ ಅದೇ ಬೇರೆ ಹೆಸರಿನಲ್ಲಿ ಇರುತ್ತದೆ, ಅವರು ಎರಡನ್ನೂ ನಿಷ್ಠೆಯಿಂದ ನುಂಗುತ್ತಾರೆ. ಆದ್ದರಿಂದ ಡಾಕ್ಟರ ಬಳಿ ಹೋಗುವಾಗ ಪಟ್ಟಿ ಬರೆದುಕೊಂಡು ಹೋಗಬೇಡಿ. ಎಲ್ಲ ಸೀಸೆ, ಹಾಳೆ, ಪುಡಿ ಪೊಟ್ಟಣಗಳನ್ನೂ ಒಂದು ಚೀಲಕ್ಕೆ ಹಾಕಿ ಚೀಲವನ್ನೇ ಕೊಂಡೊಯ್ಯಿರಿ, ಮೇಜಿನ ಮೇಲೆ ಸುರಿಯಿರಿ. ಊರಿನ ಮಾತ್ರೆಯ ಹಾಳೆಯಲ್ಲಿ ಬ್ರಾಂಡ್ ಹೆಸರಿನ ಜೊತೆ ಸಣ್ಣಕ್ಷರದಲ್ಲಿ ಮೂಲ ಮದ್ದಿನ ಹೆಸರು ಇರುತ್ತದೆ, ಆ ಭಾಗವನ್ನು ಕತ್ತರಿಸಿ ಬಿಸಾಡಬೇಡಿ. ಡಾಕ್ಟರಿಗೆ ಪುರುಸೊತ್ತಿಲ್ಲದಿದ್ದರೆ ಔಷಧದಂಗಡಿಯ ಫಾರ್ಮಸಿಸ್ಟ್ ಬಳಿ ಅದೇ ಚೀಲ ಸುರಿಯಿರಿ, ಈ ಸಲಹೆಗೆ ಹಣ ಕೊಡಬೇಕಾಗಿಲ್ಲ. ಸ್ಟ್ಯಾಟಿನ್ ಬದಲಾಯಿಸಿದರೆ ಅಥವಾ ಪ್ರಮಾಣ ಹೆಚ್ಚುಕಡಿಮೆ ಮಾಡಿದರೆ ನಾಲ್ಕರಿಂದ ಹನ್ನೆರಡು ವಾರದೊಳಗೆ ಇನ್ನೊಮ್ಮೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಅಪ್ಪ ಅಮ್ಮಂದಿರು ಅಷ್ಟರಲ್ಲಿ ಊರಿಗೆ ಹೊರಟಿದ್ದರೆ ಇಲ್ಲಿನ ರಿಪೋರ್ಟಿನ ಪ್ರತಿಯನ್ನು ಅವರ ಕೈಚೀಲದಲ್ಲಿಡಿ, ಸೂಟ್‌ಕೇಸಿನಲ್ಲಲ್ಲ.